ಬಲಮಗ್ಗುಲ ಬಾಗಿಲು

ಬೇಗಂ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಗಳ ಓಣಿ ದಾಟಿದ ಮೇಲೆ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಇದೆ. ಮೊಮ್ಮಗಳ ಕುಬಸದ, ಅಂದರೆ ಸೀಮಂತದ, ಸಾಮಾನಿಗೆಂದು ಹೋದ ತಿಂಗಳು ಆ ಕಡೆ ಹೋದಾಗ, ಅಂಗಡಿಯವನು ಸ್ಟೋವಿನ ಮೇಲೆ ತಗಡಿನ ಡಬ್ಬಿಯಿಟ್ಟು ಸರೇಸು ಕುದಿಸುತ್ತಿದ್ದ. ಸರೇಸು ಎಂದರೆ ದನದ ಚರ್ಮ, ಎಲುಬು ಬೇಯಿಸಿ ಮಾಡಿದ ಹಳೆಯ ಕಾಲದ ಅಂಟು. ಈಗಿನ ಬಡಗಿಗಳು ಅದನ್ನು ಮುಟ್ಟುವುದಿಲ್ಲ, ಡಬ್ಬಿಯಲ್ಲಿ ಬರುವ ಬಿಳಿ ಅಂಟೇ ಅವರಿಗೆ ಸಾಕು. ಒಳ್ಳೆಯ ವಾಸನೆಯೇನೂ ಅಲ್ಲ ಅದು. ಒದ್ದೆ ಚರ್ಮ, ಸುಟ್ಟ ಕೊಂಬು, ಮುಗ್ಗಿದ ಬೆಲ್ಲ ಮೂರೂ ಕೂಡಿದ ಹಾಗಿರುತ್ತದೆ. ಮೂಗಿಗೆ ಬಡಿದದ್ದೇ ತಡ, ಜನ ತಳ್ಳಾಡುವ ಆ ಓಣಿಯ ನಡುವೆ ನಾನು ಗೂಟದ ಹಾಗೆ ನಿಂತುಬಿಟ್ಟೆ. ಚೀಲ ಹಿಡಿದು ಹಿಂದೆ ಬರುತ್ತಿದ್ದ ಮಗಳು ನನಗೆ ತಲೆ ಸುತ್ತು ಬಂತೆಂದು ಗಾಬರಿಯಾಗಿ ಕುರ್ಚಿ ಕೇಳತೊಡಗಿದಳು. ಸುತ್ತೇನೂ ಬಂದಿರಲಿಲ್ಲ. ಕಾಚಿಗೂಡದ ನಮ್ಮ ಮನೆಯ ಹಿತ್ತಲಿಗೆ ಹೋಗಿ ನಿಂತಿದ್ದೆ ಅಷ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಮಲ್ಲಿಗೆ, ಗಂಧ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ, ಆದರೆ ನಿಜವಾಗಿ ಹಿಡಿದು ನಿಲ್ಲಿಸುವುದು ಇಂಥವೇ.

ಭಾರಿ ವಾಡೆಯೇನಲ್ಲ ನಮ್ಮ ಮನೆ. ಶಹಾಬಾದಿ ಫರಸಿ ಹಾಸಿದ ಅಂಗಳ, ಅದರ ಸುತ್ತ ನಾಲ್ಕು ಖೋಲಿ, ಹಿಂದೆ ಹಿತ್ತಲು, ಹಿತ್ತಲ ಗೋಡೆಯಾಚೆ ರೈಲು. ಬೆಳಗಿನ ಪ್ಯಾಸೆಂಜರ್ ಸ್ಟೇಷನ್ನಿಗೆ ಬರುವ ಹೊತ್ತಿಗೆ ಅಡುಗೆಮನೆಯ ಗೂಡಿನಲ್ಲಿಟ್ಟ ಗಿಂಡಿಗಳು ಸಣ್ಣಗೆ ನಡುಗುತ್ತಿದ್ದವು. ಅಜ್ಜ ಸೇಡಂ ಕಡೆಯಿಂದ ಬಂದು ಹಳೆಯ ಸರಕಾರದ ಕಂದಾಯ ಕಚೇರಿಯಲ್ಲಿ ನೌಕರಿ ಮಾಡಿದವನು. ಓದುವುದು ಬರೆಯುವುದು ಉರ್ದುವಿನಲ್ಲಿ, ಸಂಧ್ಯಾವಂದನೆ ಸಂಸ್ಕೃತದಲ್ಲಿ, ತರಕಾರಿಯವಳ ಜೊತೆ ಚೌಕಾಸಿ ತೆಲುಗಿನಲ್ಲಿ, ಮನೆಮಂದಿಯ ಮೇಲೆ ಸಿಟ್ಟು ಕನ್ನಡದಲ್ಲಿ. ಅಪ್ಪ ರೈಲ್ವೆ ನೌಕರಿಯಲ್ಲಿ ಊರೂರು ತಿರುಗುತ್ತಿದ್ದುದರಿಂದ ನಾನು, ಅಮ್ಮ ಈ ಮನೆಯಲ್ಲೇ ಇದ್ದೆವು. ಅಜ್ಜಿ ಇದ್ದಳು, ಕಾಕಾ ಇದ್ದ, ದೊಡ್ಡಮ್ಮ ಇದ್ದಳು. ದೊಡ್ಡಪ್ಪ ಮಾತ್ರ ಇರಲಿಲ್ಲ. ಇರಲಿಲ್ಲ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಮನೆಯ ಹಿರಿಯ ಮಗ. ನಾನು ಅವರನ್ನು ನೋಡಿದವಳಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ, ಹತ್ತೊಂಬತ್ತರ ಹರೆಯದಲ್ಲಿ, ಮೋಟಾರಿನ ಹುಚ್ಚು ಹತ್ತಿಸಿಕೊಂಡು, ಅಜ್ಜನ ಮಾತು ಮೀರಿ ಸಿಕಂದರಾಬಾದಿನ ದಂಡಿನಲ್ಲಿ ಡ್ರೈವರ್ ಆಗಿ ಸೇರಿಕೊಂಡಿದ್ದರು. ಆಗ ಲಗ್ನವಾಗಿ ಮೂರು ತಿಂಗಳು. ದೊಡ್ಡಮ್ಮನಿಗೆ ಹದಿಮೂರು ವರ್ಷ. ಉಕ್ಕಿನ ಕವಚ ತೊಡಿಸಿದ ಯುದ್ಧದ ಗಾಡಿಯನ್ನು ನಡೆಸುತ್ತ ಬರ್ಮಾದ ಕಡೆ ಹೋದವರು ತಿರುಗಿ ಬರಲಿಲ್ಲ. ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ ಬಂತು. ಆಮೇಲೆ ಪತ್ತೆಯಿಲ್ಲ ಎಂದು ಸರಕಾರದ ಒಂದು ಕಾಗದ ಬಂತು. ಸತ್ತರೆಂದು ಹೇಳಿದವರಿಲ್ಲ, ಬದುಕಿದ್ದಾರೆಂದು ಹೇಳಿದವರೂ ಇಲ್ಲ. ಹೀಗೆ ಹೋದವರಿಗೆ ಹನ್ನೆರಡು ವರ್ಷ ಕಾಯ್ದು, ದರ್ಭೆಯಿಂದ ಒಂದು ಆಕೃತಿ ಮಾಡಿ, ಅದನ್ನೇ ದೇಹವೆಂದು ತಿಳಿದು ದಹನ ಮಾಡುವ ಪದ್ಧತಿ ನಮ್ಮಲ್ಲಿದೆ. ಅದು ಆದ ದಿನವೇ ಹೆಂಡತಿ ಕುಂಕುಮ ಅಳಿಸಬೇಕು. ಹನ್ನೆರಡು ತುಂಬಿದಾಗ ಅಜ್ಜ ಆಚಾರ್ಯರನ್ನು ಕರೆಸಿ ಮುಹೂರ್ತ ಕೇಳಿದ್ದನಂತೆ. ಎಂದೂ ಮಾವನ ಎದುರು ನಿಂತು ಮಾತಾಡದಿದ್ದ ದೊಡ್ಡಮ್ಮ ಬಾಗಿಲ ಹಿಂದಿನಿಂದ ಹೇಳಿದಳಂತೆ, "ಖಾತ್ರಿ ಆಗೋತನಕಾ ಅವರನ್ನ ನಾ ಸಾಯಸೂದಿಲ್ಲ." ಅಜ್ಜ ಮತ್ತೆ ಆ ಮಾತು ಎತ್ತಲಿಲ್ಲ.

ಅದರ ಫಲವಾಗಿ ದೊಡ್ಡಮ್ಮ ಅತ್ತ ಮುತ್ತೈದೆಯೂ ಅಲ್ಲದ, ಇತ್ತ ವಿಧವೆಯೂ ಅಲ್ಲದ ಬಾಳು ಬಾಳಿದಳು. ಶ್ರಾವಣದ ಶುಕ್ರವಾರ ಓಣಿಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಕರೆಯಲು ಬಂದರೆ ಅಜ್ಜಿಯನ್ನು, ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ದೊಡ್ಡಮ್ಮನ ಮುಂದೆ ಬಂದಾಗ "ನೀವೂ ಬರ್ರಿ" ಎಂದು ನೆಲ ನೋಡುತ್ತಿದ್ದರು. ಹೋದರೆ ಎಲ್ಲರ ಹಣೆಗೆ ತಾವೇ ಹಚ್ಚಿ, ಇವಳ ಮುಂದೆ ಮಾತ್ರ ಕುಂಕುಮದ ಬಟ್ಟಲು ಚಾಚುತ್ತಿದ್ದರು, ಬೇಕಾದರೆ ನೀನೇ ಹಚ್ಚಿಕೋ ಎಂಬಂತೆ. ಅವಳು ಸಾಸಿವೆಯಷ್ಟು ಕುಂಕುಮ ಬೆರಳ ತುದಿಗೆ ತಗುಲಿಸಿಕೊಂಡು ಬರುತ್ತಿದ್ದಳು. ನನಗೆ ಆ ಹೆಂಗಸರ ಮೇಲೆ ಇವತ್ತಿಗೂ ಸಿಟ್ಟಿದೆ. ಅವರಾರೂ ಈಗಿಲ್ಲ ಎನ್ನುವುದರಿಂದ ಸಿಟ್ಟೇನೂ ಕಡಿಮೆಯಾಗಿಲ್ಲ.

ಇನ್ನು ಕಾಕಾ. ಮನೆಯ ಕಿರಿಯ ಮಗ, ಸರಕಾರಿ ಇಂಜಿನಿಯರಿಂಗ್ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ದೊಡ್ಡಪ್ಪ ಹೋದಾಗ ಅವನಿಗೆ ಎಂಟು ವರ್ಷ. ಮೂವತ್ತು ದಾಟಿದರೂ ಲಗ್ನವಾಗಿರಲಿಲ್ಲ. ಹಿರಿಯವನ ಕರ್ಮ ಬಾಕಿ ಉಳಿದ ಮನೆ ಎಂದು ಬಂದ ಸಂಬಂಧಗಳು ಹಿಂದೆ ಸರಿಯುತ್ತಿದ್ದವು. ಅವನು ಅದರ ಬಗ್ಗೆ ಒಂದು ದಿನವೂ ಚಕಾರ ಎತ್ತಲಿಲ್ಲ. ಕಚೇರಿಯಿಂದ ಬಂದು ಕೈಕಾಲು ತೊಳೆದವನೇ ಹಿತ್ತಲಲ್ಲಿ ಕೂತು ಪುಟ್ಟ ಪುಟ್ಟ ಗಾಡಿಗಳನ್ನು ಮಾಡುತ್ತಿದ್ದ. ಎತ್ತಿನ ಬಂಡಿ, ಜಟಕಾ, ಉಗಿ ಇಂಜಿನ್, ಎಲ್ಲ ತಗಡು, ರಟ್ಟು, ಕಟ್ಟಿಗೆಯಲ್ಲಿ. ಅಡಿಗೆ ಒಂದಿಂಚು ಎಂಬುದು ಅವನ ಅಳತೆ. ಒಂಬತ್ತು ಅಡಿಯ ಬಂಡಿ ಅವನ ಕೈಯಲ್ಲಿ ಒಂಬತ್ತು ಇಂಚು ಆಗುತ್ತಿತ್ತು, ಒಂಬತ್ತೂಕಾಲು ಆಗುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮಾಡಬೇಕು, ಚಂದ ಕಾಣಲಿ ಎಂದು ಒಂದು ಮೊಳೆ ಹೆಚ್ಚು ಹೊಡೆದರೂ ಅದು ಆಟಿಗೆ ಸಾಮಾನು ಆಗುತ್ತದೆ ಎನ್ನುತ್ತಿದ್ದ. ಸರೇಸು ಕುದಿಸುತ್ತಿದ್ದುದು ಇದಕ್ಕೇ. ದನದ ಚರ್ಮದ ಅಂಟು ತುಳಸಿ ಕಟ್ಟೆಯಿಂದ ಈಚೆ ಬರಕೂಡದು ಎಂದು ಅಜ್ಜಿ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು. ಕಾಕಾ ಗೆರೆಯಾಚೆ ಅಂಟು ಕುದಿಸಿ, ಈಚೆ ಬರುವ ಮುಂಚೆ ಸ್ನಾನ ಮಾಡುತ್ತಿದ್ದ.

ನನಗೆ ಹದಿಮೂರು ನಡೆಯುತ್ತಿದ್ದಾಗ ಅಜ್ಜ ಹೋದ. ಅವನ ಪೆಟ್ಟಿಗೆ ಶೋಧಿಸುವಾಗ ಕಚೇರಿಯ ಉರ್ದು ಕಾಗದಗಳ ನಡುವೆ ಒಂದು ಪತ್ರ ಸಿಕ್ಕಿತು. ದೊಡ್ಡಪ್ಪನ ಪಲ್ಟನ್ನಿನ ಗೆಳೆಯನೊಬ್ಬ, ಹಿಂದಿನ ಗಾಡಿಯಲ್ಲಿ ಇದ್ದವನು, ಯುದ್ಧ ಮುಗಿದ ಮೇಲೆ ಅಜ್ಜನಿಗೆ ಬರೆದದ್ದು. ಹೆಂಗಸರಿಗೆ ಉರ್ದು ಬರುತ್ತಿರಲಿಲ್ಲ. ಅಜ್ಜ ಅದನ್ನು ಇಪ್ಪತ್ತು ವರ್ಷ ಯಾರಿಗೂ ಓದಿ ಹೇಳದೆ ಇಟ್ಟುಕೊಂಡಿದ್ದ. ಯಾಕೆ ಎಂದು ಈಗ ಯಾರನ್ನು ಕೇಳೋಣ. ಕಾಕಾ ಅಂಗಳದಲ್ಲಿ ಕೂತು ಅಜ್ಜಿಗೂ ದೊಡ್ಡಮ್ಮನಿಗೂ ಒಂದೊಂದೇ ಸಾಲು ಕನ್ನಡ ಮಾಡಿ ಓದಿದ. ಹಿಂದೆ ಸರಿಯುವಾಗ ಒಂದು ಹೊಳೆಯ ಕಟ್ಟಿಗೆಯ ಸೇತುವೆ ಮುರಿದು ದೊಡ್ಡಪ್ಪನ ಗಾಡಿ ನೀರಿಗೆ ಉರುಳಿತ್ತು. ಎಡಮಗ್ಗುಲು ಕೆಳಗಾಗಿ, ಗಾಡಿಯ ಚಾವಣಿ ದಂಡೆಯ ಕೆಸರಿಗೆ ಹೂತು, ಬಲಮಗ್ಗುಲು ಮಾತ್ರ ನೀರಿನ ಮೇಲಿತ್ತು. ಅಷ್ಟರಲ್ಲಿ ಶತ್ರುಗಳ ವಿಮಾನ ಬಂದು ಇವರೆಲ್ಲ ಚದುರಬೇಕಾಯಿತು. ಮರುದಿನದ ಹೊತ್ತಿಗೆ ಆ ದಂಡೆ ಶತ್ರುಗಳ ಪಾಲಾಗಿತ್ತು. ನಿಮ್ಮ ಮಗ ಹೊರಗೆ ಬಂದದ್ದನ್ನೂ ನಾನು ನೋಡಲಿಲ್ಲ, ಬರದೆ ಹೋದದ್ದನ್ನೂ ನೋಡಲಿಲ್ಲ ಎಂದು ಆ ಪುಣ್ಯಾತ್ಮ ಬರೆದಿದ್ದ. ಓದಿ ಮುಗಿಸಿ ಕಾಕಾ ಪತ್ರ ಮಡಚಿದ. ಆಮೇಲೆ ದೊಡ್ಡಮ್ಮ ಕೇಳಿದಳು, "ಆ ಗಾಡಿಗೆ ಬಲಮಗ್ಗಲಿಗೆ ಬಾಗಿಲಾ ಇತ್ತೇನೋ?"

ಪೆಟ್ಟಿಗೆಯಿಂದ ಫೋಟೋ ತಂದರು. ಅದರಲ್ಲಿ ಗಾಡಿಯ ಎಡಮಗ್ಗುಲಷ್ಟೇ ಕಾಣುತ್ತಿತ್ತು. ಅಲ್ಲೊಂದು ಬಾಗಿಲಿತ್ತು, ಅದರ ಪಕ್ಕ ಮುಂದಿನ ಗಾಲಿಗೆ ತಾಗಿ ದೊಡ್ಡಪ್ಪ ನೆಲದ ಮೇಲೆ ನಿಂತಿದ್ದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಆಚೆ ಮಗ್ಗುಲು ಯಾರಿಗೂ ಕಾಣದು. ಬಾಗಿಲಿದ್ದರೆ ಹೊರಬಂದಿರಬಹುದು, ಸೆರೆ ಸಿಕ್ಕಿರಬಹುದು, ಎಲ್ಲೋ ಇರಬಹುದು. ಇಲ್ಲದಿದ್ದರೆ ಆ ಉಕ್ಕಿನ ಪೆಟ್ಟಿಗೆಯೇ ಅವರ ಗೋರಿ. ಕಾಕಾ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, "ವೈನಿ, ನಾ ಇದನ್ನ ಮಾಡ್ತೀನ್ರಿ. ನಾಕೂ ಮಗ್ಗಲಾ ನೋಡಿಕೊಂಡ ಮಾಡ್ತೀನಿ" ಎಂದ. ಅತ್ತಿಗೆಗೆ ಕಾಗದದ ಮೇಲಿನ ಗೆರೆ ತೋರಿಸಿದರೆ ಸಾಲದು, ಕೈಯಿಂದ ತಿರುಗಿಸಿ ನೋಡುವ ವಸ್ತುವೇ ಬೇಕು ಎಂದು ಅವನಿಗೆ ಅನ್ನಿಸಿರಬೇಕು.

ಅಲ್ಲಿಂದ ಆರು ತಿಂಗಳು ಕಾಕಾನಿಗೆ ಬೇರೆ ಧ್ಯಾನವಿರಲಿಲ್ಲ. ದಂಡಿನ ಕಚೇರಿಗಳಿಗೆ ಪತ್ರ ಬರೆದ. ಕೆಲವರು ಉತ್ತರಿಸಲಿಲ್ಲ, ಉತ್ತರಿಸಿದವರು ಅಂಥ ದಾಖಲೆ ತಮ್ಮಲ್ಲಿಲ್ಲ ಎಂದರು. ಭಾನುವಾರ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕದ ರಾಶಿ ಕೆದರಿ ಯುದ್ಧಕಾಲದ ಚಿತ್ರಪತ್ರಿಕೆಗಳನ್ನು ಹೊತ್ತು ತಂದ. ಸೈಕಲ್ ತುಳಿದು ಸಿಕಂದರಾಬಾದಿನ ಆಚೆ ಗುಜರಿ ಸಾಮಾನಿನ ಬಯಲುಗಳಲ್ಲಿ ತುಕ್ಕು ಹಿಡಿದ ಹಲಗೆಗಳನ್ನು ಅಳೆದು ಬಂದ. ತಗಡಿನ ದಪ್ಪವೆಷ್ಟು, ಬೋಲ್ಟಿಗೂ ಬೋಲ್ಟಿಗೂ ನಡುವೆ ಎಷ್ಟು ಬೆರಳು, ನೋಡುವ ಕಂಡಿಯ ಅಗಲವೆಷ್ಟು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಕಡೆಗೆ ತಿರುಮಲಗಿರಿಯಲ್ಲಿ ಮಸ್ತಾನ್ ಮಿಸ್ತ್ರಿ ಎಂಬ ಮುದುಕ ಸಿಕ್ಕಿದ. ಯುದ್ಧದ ಕಾಲದಲ್ಲಿ ಇಂಥ ಗಾಡಿಗಳಿಗೆ ಉಕ್ಕಿನ ಹಲಗೆ ಜೋಡಿಸಿದ ಕೈ ಅವನದು. ಅವತ್ತು ಸೈಕಲ್ಲಿನ ಹಿಂದೆ ಕೂತು ನಾನೂ ಹೋಗಿದ್ದೆ. ಮಿಸ್ತ್ರಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, ಇವುಗಳಲ್ಲಿ ಎರಡು ಜಾತಿ, ನೋಡಲು ಎರಡೂ ಒಂದೇ ಎಂದ. ಗಿಡ್ಡನೆಯ ಗಾಡಿ ಮೊದಲು ಮಾಡಿದ್ದು, ಗಾಲಿಯಿಂದ ಗಾಲಿಗೆ ಎಂಟೂವರೆ ಅಡಿ. ಉದ್ದನೆಯದು ಆಮೇಲಿನದು, ಒಂಬತ್ತು ಅಡಿಯ ಮೇಲೆ ಒಂದಿಂಚು. "ಛೋಟೀ ಕೂ ಏಕೀಚ್ ದರವಾಜಾ, ಬಾಬೂ. ಲಂಬೀ ಕೂ ದೋ" ಎಂದು ಎರಡು ಬೆರಳು ಎತ್ತಿ ತೋರಿಸಿದ. ಗಿಡ್ಡ ಗಾಡಿಗೆ ಬಾಗಿಲು ಒಂದೇ, ಉದ್ದದ್ದಕ್ಕೆ ಎರಡೂ ಮಗ್ಗುಲಿಗೆ.

ಈಗ ಪ್ರಶ್ನೆ ಒಂದೇ ಉಳಿಯಿತು. ಫೋಟೋದ ಗಾಡಿ ಉದ್ದದ್ದೋ ಗಿಡ್ಡದ್ದೋ? ಫೋಟೋದಲ್ಲಿ ಏನಾದರೂ ಒಂದರ ನಿಜವಾದ ಅಳತೆ ಗೊತ್ತಿದ್ದರೆ ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು ಎಂದು ಕಾಕಾ ನನಗೆ ಸ್ಲೇಟಿನ ಮೇಲೆ ಬರೆದು ತಿಳಿಸಿದ್ದ. ಗೊತ್ತಿರಬಹುದಾದದ್ದು ದೊಡ್ಡಪ್ಪನ ಎತ್ತರ. ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಆಗ ಗುಲಬರ್ಗಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದವನು, ಸಾಧಾರಣ ಎತ್ತರ ಎಂದ. ಅಜ್ಜಿ ಸೂರಿನ ಕಡೆ ಕೈ ಮಾಡಿದಳು. ಆಗ ದೊಡ್ಡಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ, ಅವರು ಹೊರಟ ದಿನ ಖೋಲಿಯಲ್ಲಿ ತನ್ನ ಕುಂಕುಮ ಅವರ ಅಂಗಿಯ ಎರಡನೇ ಗುಂಡಿಗೆ ಹತ್ತಿತ್ತು, ಒರೆಸಲು ಹೋದರೆ ಬೇಡ ಎಂದಿದ್ದರು ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಗಂಡನ ಜೊತೆ ಕಳೆದ ದಿನಗಳ ಬಗ್ಗೆ ಅವಳ ಬಾಯಿಂದ ನಾವು ಕೇಳಿದ ಮೊದಲ ಮಾತು ಅದು. ಅಜ್ಜಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಕಾಕಾ ಮಾತ್ರ ನಕ್ಷೆಯವನು. ಅಂಗಿ ಯಾವುದಾದರೂ ಕೊರಳಿನಿಂದ ಎರಡನೇ ಗುಂಡಿ ಒಂದೇ ದೂರ, ಫೋಟೋದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ವೈನಿಯ ಹಣೆಯ ಕುಂಕುಮ ನೆಲದಿಂದ ಎಷ್ಟು ಎತ್ತರವೋ ಆ ಗುಂಡಿಯೂ ಅಷ್ಟೇ ಎತ್ತರ ಎಂದು ಹಿಗ್ಗಿದ. ದೊಡ್ಡಮ್ಮನನ್ನು ಗೋಡೆಗೆ ನಿಲ್ಲಿಸಿ, ಕುಂಕುಮದ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಟೇಪು ಹಿಡಿದ. ಫೋಟೋದಲ್ಲಿ ಅಣ್ಣ ಬೂಟು ಹಾಕಿದ್ದಾನೆಂದು ಅದಕ್ಕೊಂದು ಇಂಚು ಕೂಡಿಸಿದ. ಅಷ್ಟು ಸೂಕ್ಷ್ಮದವನು.

ಲೆಕ್ಕ ಬಂತು. ಗಾಲಿಯಿಂದ ಗಾಲಿಗೆ ಒಂಬತ್ತು ಅಡಿ, ಮೇಲೆ ಸ್ವಲ್ಪ. ಉದ್ದನೆಯ ಗಾಡಿ. ಎರಡು ಬಾಗಿಲು. ದೊಡ್ಡಪ್ಪ ಐದು ಅಡಿ ಹತ್ತು ಇಂಚಿನ ಆಳಾಗಿದ್ದರೆಂದೂ ಹೊರಬಿತ್ತು. ಅಜ್ಜಿ ಅವತ್ತು ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿ, ಮಗ ಎಷ್ಟು ಎತ್ತರವಿದ್ದನೆಂಬುದನ್ನು ಮನೆಮನೆಗೆ ಹೇಳಿ ಬಂದಳು. ದೊಡ್ಡಮ್ಮನ ಹಣೆಯಲ್ಲಿ ಸಾಸಿವೆಯಷ್ಟಿದ್ದ ಕುಂಕುಮ ಕಡಲೆಯಷ್ಟಾಯಿತು. ಆ ಶ್ರಾವಣದಲ್ಲಿ ಅವಳು ಯಾರೂ ಕರೆಯದೆಯೇ ಮೂರು ಮನೆಗೆ ಹೋಗಿ, ಬಟ್ಟಲು ಚಾಚಿದವರ ಮುಂದೆ ಹಣೆ ಒಡ್ಡಿ ನಿಂತು ಹಚ್ಚಿಸಿಕೊಂಡು ಬಂದಳು. ಎಲ್ಲ ಸರಿಯಾಯಿತೆಂದು ನನಗೆ ಖುಷಿಯೋ ಖುಷಿ. ಆದರೆ ಅವಳ ಮಾತು ಕಡಿಮೆಯಾಗಿತ್ತು. ಅಕ್ಕಿ ಆರಿಸುತ್ತ ಕೂತವಳು ಕೈ ನಿಲ್ಲಿಸಿ ಮೊರದಲ್ಲೇ ಕಣ್ಣು ನೆಟ್ಟುಬಿಡುತ್ತಿದ್ದಳು. ಆ ವಯಸ್ಸಿನಲ್ಲಿ ನನಗೆ ಅದರ ಅರ್ಥವಾಗಲಿಲ್ಲ.

ಹಿತ್ತಲಲ್ಲಿ ಗಾಡಿ ಏಳತೊಡಗಿತು. ತಗಡು ಕತ್ತರಿಸಿ ಮೈ, ಕಟ್ಟಿಗೆ ಕಡೆಸಿ ಗಾಲಿ, ಹರಿದ ಚಪ್ಪಲಿಯ ರಬ್ಬರಿನ ಟಾಯರು. ಬೋಲ್ಟಿನ ತಲೆಗಳಿಗೆ ಏನು ಮಾಡುವುದೆಂದು ಯೋಚಿಸಿ ಯೋಚಿಸಿ, ಕಾಕಾ ಅಡುಗೆಮನೆಯಿಂದ ಸಾಸಿವೆ ತಂದು ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಸರೇಸಿನಲ್ಲಿ ಅಂಟಿಸಿದ. ಬಣ್ಣ ಬಳಿದ ಮೇಲೆ ಉಕ್ಕಿನ ಬೋಲ್ಟೇ ಸರಿ. ಇಲಿಗಳಿಗೆ ಸಾಸಿವೆಯೂ ಬೇಕು, ಸರೇಸೂ ಬೇಕು. ದಿನ ಬೆಳಗಾದರೆ ಹತ್ತಾರು ಬೋಲ್ಟು ಮಾಯ. ಒಗ್ಗರಣೆಗೆ ಸಾಸಿವೆ ಇಲ್ಲದ ಮನೆಯಲ್ಲಿ ಗಾಡಿಗೆ ಸಾಸಿವೆ ಇದೆ ಎಂದು ಅಜ್ಜಿ ಗೊಣಗುತ್ತಿದ್ದಳು, ಗೊಣಗುತ್ತಲೇ ಒಳಗಿನಿಂದ ಇನ್ನೊಂದು ಹಿಡಿ ತಂದು ಸುಣ್ಣದ ಗೆರೆಯಾಚೆ ಚಾಚುತ್ತಿದ್ದಳು. ಬಲಮಗ್ಗುಲ ಬಾಗಿಲನ್ನು ಕಾಕಾ ತೆರೆದು ಮುಚ್ಚುವಂತೆ ಮಾಡಿ, ಸೂಜಿಯ ಕೀಲು ಕೂಡಿಸಿ, ಮೊದಲು ದೊಡ್ಡಮ್ಮನ ಕೈಗೆ ಕೊಟ್ಟ. ಅವಳು ತೆರೆದಳು, ಮುಚ್ಚಿದಳು, ಕೆಳಗಿಟ್ಟು ಒಳಗೆ ಹೋದಳು.

ದಸರೆ ಹತ್ತಿರ ಬಂದಾಗ ದೊಡ್ಡಮ್ಮ ತನ್ನ ಟ್ರಂಕು ತೆಗೆದು, ಲಗ್ನದಲ್ಲಿ ತವರಿನವರು ಕೊಟ್ಟಿದ್ದ ರೇಷ್ಮೆ ಪರಕಾರವನ್ನು, ಅಂದರೆ ಲಂಗವನ್ನು, ಹೊರಗೆಳೆದಳು. ಹಾಗೇ ಇಟ್ಟು ಹುಳ ತಿನ್ನಿಸುವುದಕ್ಕಿಂತ ನಾನಾದರೂ ಉಡಲಿ ಎಂದು. ನನಗೆ ಉಡಿಸಿ, ದೂರ ನಿಂತು ನೋಡಿದಳು. ಅಂಚು ಸರಿಯಾಗಿ ಕಾಲ ಗಂಟಿಗೆ ಬಂದಿತ್ತು. ಹೊಲಿಗೆ ಬಿಚ್ಚುವುದೂ ಬೇಡ, ಮಡಿಚುವುದೂ ಬೇಡ. ಅಮ್ಮ ಪಕ್ಕದಲ್ಲಿದ್ದವಳು, ಹೋದ ವರ್ಷದ ಪರಕಾರ ಈಗ ಇವಳ ಮೊಣಕಾಲಿಗೆ ಬರುತ್ತದೆ, ಈ ವಯಸ್ಸಿನ ಹುಡುಗಿಯರು ಗಳಿಗೆಗೊಂದು ಬೆರಳು ಬೆಳೆಯುತ್ತಾರೆ ಎಂದಳು. ದೊಡ್ಡಮ್ಮನ ಕೈ ನನ್ನ ಸೊಂಟದ ಲಾಡಿಯ ಮೇಲೇ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು, ತನ್ನನ್ನು ಒಮ್ಮೆ ನೋಡಿಕೊಂಡಳು. ಅವಳ ಹಣೆ ನನ್ನ ಹಣೆಗಿಂತ ನಾಲ್ಕು ಬೆರಳಿನಷ್ಟು ಮೇಲಿತ್ತು. ಲಾಡಿ ಬಿಗಿದು, ಗಂಟು ಹಾಕಿ, ನನ್ನ ಕೈ ಹಿಡಿದುಕೊಂಡು ಹಿತ್ತಲಿಗೆ ನಡೆದಳು.

ಕಾಕಾ ಗಾಡಿಗೆ ಹಸಿರು ಬಣ್ಣ ಹಚ್ಚುತ್ತಿದ್ದ. ದೊಡ್ಡಮ್ಮ ಸುಣ್ಣದ ಗೆರೆಯ ಹತ್ತಿರ ನಿಂತು, "ಅವರು ಹೋದಾಗ ನಾ ಇಷ್ಟ ಎತ್ತರ ಇದ್ದಿಲ್ಲೋ. ಇಕಿ ಅಷ್ಟ ಇದ್ದೆ" ಎಂದಳು. ಕಾಕಾ ಕುಂಚ ಹಿಡಿದೇ ತಲೆಯೆತ್ತಿದ. ಮೊದಲು ನನ್ನನ್ನು ನೋಡಿದ, ಆಮೇಲೆ ಅವಳನ್ನು. ಬೂಟಿನ ಅಟ್ಟೆಗೆ ಒಂದಿಂಚು ಕೂಡಿಸಿದ್ದ ಮನುಷ್ಯ, ಹದಿಮೂರರ ಹುಡುಗಿ ಗಂಡ ಹೋದ ಮೇಲೂ ಬೆಳೆಯುತ್ತಾಳೆ ಎಂಬುದನ್ನು ಮರೆತಿದ್ದ. ಅವನೊಬ್ಬನೇ ಅಲ್ಲ, ನಾವೆಲ್ಲ ಮರೆತಿದ್ದೆವು. ನಮ್ಮ ಕಣ್ಣಿಗೆ ದೊಡ್ಡಮ್ಮ ಯಾವತ್ತೂ ದೊಡ್ಡಮ್ಮನೇ. ಅವಳು ಆ ಮನೆಗೆ ಬಂದಾಗ ಮಗುವಾಗಿದ್ದಳು, ಅದೇ ಮನೆಯಲ್ಲಿ, ಯಾರೂ ಅಳೆಯದೆ, ನಾಲ್ಕು ಇಂಚು ಬೆಳೆದಿದ್ದಳು.

ನನ್ನನ್ನು ಗೋಡೆಗೆ ನಿಲ್ಲಿಸಿದರು. ದೊಡ್ಡಮ್ಮ ತನ್ನ ಬಟ್ಟಲು ತಂದು ನನ್ನ ಹಣೆಗೆ ಕುಂಕುಮ ಇಟ್ಟಳು, ತಾನು ಇಡುತ್ತಿದ್ದ ಜಾಗಕ್ಕೇ. ಕಾಕಾ ಪೆನ್ಸಿಲು ಹಿಡಿದು ಬಂದ. ಸ್ಲೇಟಿನ ಲೆಕ್ಕ ನನಗೆ ಗೊತ್ತಿತ್ತು. ನಾನು ಗಿಡ್ಡ ಬಂದರೆ ಗಾಡಿ ಗಿಡ್ಡ, ಗಾಡಿ ಗಿಡ್ಡವಾದರೆ ಬಾಗಿಲಿಲ್ಲ, ಬಾಗಿಲಿಲ್ಲವಾದರೆ ದೊಡ್ಡಮ್ಮನ ಹಣೆ ಬರಿದು. ಪರಕಾರದ ಅಂಚು ಕಾಲು ಮುಚ್ಚಿದೆ, ಯಾರಿಗೂ ಕಾಣದು ಎಂದುಕೊಂಡು ನಾನು ಮೆಲ್ಲಗೆ ಹಿಮ್ಮಡಿ ಎತ್ತಿದೆ. ಕಾಕಾನಿಗೆ ಕಂಡಿತೆಂದು ನನಗೆ ಇವತ್ತಿಗೂ ಅನುಮಾನವಿದೆ. ಅವನು ಹಾಗೇ ಪೆನ್ಸಿಲು ಗೋಡೆಗೆ ಹಚ್ಚಿದ. ಆಗ ದೊಡ್ಡಮ್ಮನ ಕೈ ನನ್ನ ನೆತ್ತಿಯ ಮೇಲೆ ಬಂತು. ಬಿರುಸಾಗಿ ಅಲ್ಲ. ಎಣ್ಣೆ ಒತ್ತುವಾಗ ಒತ್ತುತ್ತಾರಲ್ಲ, ಅಷ್ಟೇ ಭಾರ. "ಹಿಮ್ಮಡಾ ನೆಲಕ್ಕ ಹಚ್ಚು, ತಂಗಿ" ಎಂದಳು. ನಾನು ಹಚ್ಚಿದೆ. ಪೆನ್ಸಿಲಿನ ಸದ್ದು ಹಣೆಯ ಹತ್ತಿರ ಕೇಳಿಸಿತು. ಅಳು ಬಂದು ಗೋಡೆಯಿಂದ ಈಚೆ ಬರಲಾರದೆ ಅಲ್ಲೇ ನಿಂತೆ.

ಎಂಟೂವರೆ ಅಡಿ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಕಾಕಾ ಮೂರು ಸಲ ಗುಣಿಸಿ ಭಾಗಿಸಿ ನೋಡಿ, ಕಾಗದ ಕೆಳಗಿಟ್ಟ. ಅವನಿಗೆ ಅತ್ತಿಗೆಯ ಮೇಲೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಯಾಕ ಹೇಳಿದ್ರಿ ವೈನಿ? ನೀವು ಸುಮ್ನ ಇದ್ದಿದ್ರ ಯಾರಿಗೂ ತಿಳೀತಿದ್ದಿಲ್ಲ" ಎಂದ. ಅವಳು ತುಳಸಿ ಕಟ್ಟೆಯ ಮೇಲೆ ಕೂತಳು. ಆ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ, ನನ್ನದೊಂದು ಅಕ್ಷರವೂ ಇದರಲ್ಲಿಲ್ಲ. "ಬಾಗಿಲಾ ಇತ್ತು ಅಂದ್ರ ಅವರು ಹೊರಗ ಬಂದ್ರು, ಮನಿಗೆ ಮಾತ್ರ ಬರಲಿಲ್ಲ ಅಂತ ಆತಲ್ಲೋ. ಶ್ರಾವಣದಿಂದ ಅದನ್ನ ವಿಚಾರ ಮಾಡಲಿಕ್ಕತ್ತೀನಿ, ನನಗ ಅನ್ನ ಇಳೀವಲ್ದು. ಬಾಗಿಲಾ ಇದ್ದಿಲ್ಲಂದ್ರ ಬರೋರೇ ಇದ್ರು. ಬರಲಿಕ್ಕೆ ಆಗಲಿಲ್ಲ." ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಒಳಗಿನಿಂದ ಅಜ್ಜಿಯ ಅಳು ಕೇಳಿಸಿತು, ಅವಳದು ಕೇಳಿಸಲಿಲ್ಲ.

ಕಾರ್ತೀಕದಲ್ಲಿ ಕರ್ಮವಾಯಿತು. ಆಚಾರ್ಯರು ದರ್ಭೆ ತಂದರು, ಮುತ್ತುಗದ ಎಲೆಯ ತೊಟ್ಟುಗಳನ್ನು ಎಲುಬಿನ ಲೆಕ್ಕಕ್ಕೆ ಎಣಿಸಿ ಇಟ್ಟರು, ತಲೆಗೆ ತೆಂಗಿನಕಾಯಿ ಇಟ್ಟರು. ರೂಢಿಯಂತೆ ಮೊಳದುದ್ದದ ಆಕೃತಿ ಕಟ್ಟಲು ಹೊರಟಾಗ ಕಾಕಾ ತಡೆದು, ಹೊಸ ಲೆಕ್ಕ ಹಿಡಿದು, "ನಮ್ಮಣ್ಣ ಐದು ಫೂಟ್ ಆರು ಇಂಚ್ ಇದ್ದ. ಅಷ್ಟ ಕಟ್ರಿ" ಎಂದನಂತೆ. ಶಾಸ್ತ್ರಕ್ಕೆ ಇಷ್ಟು ಸಾಕೆಂದು ಆಚಾರ್ಯರು ಎಷ್ಟು ಹೇಳಿದರೂ ಕೇಳದೆ, ಇನ್ನೆರಡು ಹೊರೆ ದರ್ಭೆ ತರಿಸಿ, ಟೇಪು ಹಿಡಿದು ತಾನೇ ಕಟ್ಟಿದ. ಹೆಂಗಸರು ಹೋಗುವಂತಿಲ್ಲವಾದ್ದರಿಂದ ನಾನು ಇದನ್ನು ಅಪ್ಪನ ಬಾಯಿಂದ ಕೇಳಿದ್ದು. ಮನೆಯಲ್ಲಿ ದೊಡ್ಡಮ್ಮ ತಾನೇ ಬಚ್ಚಲಿಗೆ ಹೋಗಿ ಹಣೆ ತೊಳೆದುಕೊಂಡು ಬಂದಳು. ಬಳೆ ಒಡೆಯಲು ಯಾರಿಗೂ ಬಿಡದೆ, ಕೈಗೆ ಸೋಪು ಸವರಿ ಒಂದೊಂದನ್ನೇ ಜಾರಿಸಿ ತೆಗೆದು ನನ್ನ ಮುಂದಿಟ್ಟಳು. ಅವಳ ಹಣೆ ಅಷ್ಟು ಅಗಲವೆಂದು ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಮಾತ್ರ ಅವಳು ಎರಡು ಸಲ ಅನ್ನ ನೀಡಿಸಿಕೊಂಡು ಉಂಡಳು ಎಂದು ಅಮ್ಮ ಬಹಳ ವರ್ಷ ಹೇಳುತ್ತಿದ್ದಳು.

ಕಾಕಾ ಮೊದಲಿನ ಗಾಡಿಯನ್ನು ಬಿಚ್ಚಿ ಎಂಟೂವರೆ ಇಂಚಿನ ಅಳತೆಗೆ ಮತ್ತೆ ಕಟ್ಟಿದ. ಬಲಮಗ್ಗುಲಿಗೆ ಒಂದೇ ಅಖಂಡ ತಗಡು ಹಾಕಿದ. ಮರುವರ್ಷ ಅವನ ಲಗ್ನವಾಯಿತು. ದೊಡ್ಡಮ್ಮ ಆ ಗಾಡಿಯನ್ನು ತನ್ನ ಖೋಲಿಯ ಗೂಡಿನಲ್ಲಿಟ್ಟು, ವಾರಕ್ಕೊಮ್ಮೆ ಸೆರಗಿನಿಂದ ಧೂಳು ಒರೆಸುತ್ತಿದ್ದಳು. ಅವಳಿಗೆ ಎಪ್ಪತ್ತಾದಾಗ ಸಾಸಿವೆಗಳೆಲ್ಲ ಉದುರಿ ಗಾಡಿಯ ಮೈ ಚುಕ್ಕೆ ಚುಕ್ಕೆಯಾಗಿತ್ತು. ಅವಳು ತೀರಿದ ಮೇಲೆ ಅದೂ ಹೋಯಿತು. ಮನೆ ಕೊಟ್ಟುಬಿಡುವಾಗ ಯಾರು ಎಲ್ಲಿ ಹಾಕಿದರೋ. ಕಾಕಾನ ನಕ್ಷೆಗಳ ಸುರುಳಿಯೊಂದು ಮಾತ್ರ ನನ್ನ ಕಪಾಟಿನ ಮೇಲೆ ಉಳಿದಿತ್ತು.

ಹೋದ ವರ್ಷ ಮಗಳು ಆ ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಯಾರಿಗೋ ಕಳಿಸಿ, ಅದು ಕೈ ದಾಟಿ ದಾಟಿ, ಬೇಗಂಪೇಟೆಯಲ್ಲಿ ನೌಕರಿ ಮಾಡುವ ನಲವತ್ತರ ಮನುಷ್ಯನೊಬ್ಬ ನಮ್ಮ ಫ್ಲ್ಯಾಟಿಗೆ ಹುಡುಕಿಕೊಂಡು ಬಂದ. ಯುದ್ಧಕಾಲದ ಗಾಡಿಗಳ ಪುಟ್ಟ ಮಾದರಿ ಮಾಡುವುದು ಅವನ ಹವ್ಯಾಸ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಬಂದು, ನಕ್ಷೆಯನ್ನು ಮೇಜಿನ ಮೇಲೆ ಹಾಸಿ ನೋಡಿದ. ಒಂದೇ ಫೋಟೋದಿಂದ ಇಷ್ಟು ನಿಖರವಾಗಿ ಅಳೆದವರು ಯಾರು, ತನ್ನ ಬಳಿ ಇರುವ ಅಳತೆಗಳಿಗೂ ಇದಕ್ಕೂ ಅರ್ಧ ಇಂಚಿನ ಫರಕಿಲ್ಲ ಎಂದು ಬೆರಗಾದ. ನನಗೆ ಕಾಕಾನ ಬಗ್ಗೆ ಹೆಮ್ಮೆಯಾಯಿತು. ಹೊರಡುವ ಮುಂಚೆ ಅವನು ಬಲಮಗ್ಗುಲ ಖಾಲಿ ಹಲಗೆಯ ಮೇಲೆ ಬೆರಳಿಟ್ಟು, ಗಿಡ್ಡ ಗಾಡಿಗಳಲ್ಲಿ ಕೆಲವಕ್ಕೆ ಪಲ್ಟನ್ನಿನವರೇ ಆಮೇಲೆ ಉಕ್ಕು ಕೊರೆದು ಈ ಕಡೆಯೂ ಒಂದು ಬಾಗಿಲು ಮಾಡಿಕೊಂಡಿದ್ದರು, ಅಂಥ ಒಂದೆರಡು ಫೋಟೋ ತನ್ನಲ್ಲಿವೆ, ಯಾವ ಯಾವ ಗಾಡಿಗೆ ಮಾಡಿದ್ದರೆಂಬ ಪಟ್ಟಿ ಮಾತ್ರ ಎಲ್ಲೂ ಸಿಗುವುದಿಲ್ಲ ಎಂದ. ಅವನಿಗೆ ಅದು ಕಸುಬಿನ ಒಂದು ಸಣ್ಣ ವಿವರ. ನಾನು ಇನ್ನೊಂದು ಕಪ್ ಚಹಾ ಬೇಕೇ ಎಂದು ಕೇಳಿದೆ.

ಅವನನ್ನು ಲಿಫ್ಟಿನ ತನಕ ಕಳಿಸಿ ಬಂದು ಕೂತೆ. ಆ ಮನೆಯ ಮಂದಿಯಲ್ಲಿ ಉಳಿದವಳು ನಾನೊಬ್ಬಳೇ. ಹೌದಲ್ಲ, ಹಾಗೇ ಇತ್ತಲ್ಲ ಎನ್ನಲು ಒಂದು ಜೀವವಾದರೂ ಇರಬೇಕಿತ್ತು ಎಂದು ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ. ಅವತ್ತು ಅಜ್ಜಿಯನ್ನು ನೆನೆದೆ, ಕಾಕಾನನ್ನು ನೆನೆದೆ, ಕಡೆಗೆ ದೊಡ್ಡಮ್ಮನನ್ನು ನೆನೆದೆ. ಈ ಸುದ್ದಿ ಹೇಳಬೇಕಾದವರು ಯಾರೂ ಉಳಿದಿರಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ, ಅವರೆಲ್ಲ ಹೋಗಿದ್ದಾರೆ ಎಂಬುದಕ್ಕೆ ನಾನು ದೇವರಿಗೆ ಕೈ ಮುಗಿದೆ.